ಟಾರ್ಪಿಡೊ ವಿಮಾನದ ಹಿಂದಿನ ಸೀಟು: ಮಿಡ್‌ವೇ ಕದನದ ಸ್ಕ್ವಾಡ್ರನ್‌ಗಳನ್ನು ಇಂದು ನೆನೆಯುವ ಬಗೆ

1942ರ ಜೂನ್ 4ರ ಬೆಳಿಗ್ಗೆ, ಪೆಸಿಫಿಕ್ ಸಾಗರದ ನಡುವೆ ಇರುವ ಮಿಡ್‌ವೇ ಎಂಬ ಪುಟ್ಟ ಹವಳದ ದ್ವೀಪದ ಉತ್ತರಕ್ಕೆ, ಅಮೆರಿಕದ ಮೂರು ವಿಮಾನವಾಹಕ ನೌಕೆಗಳಿಂದ 41 ಟಾರ್ಪಿಡೊ ವಿಮಾನಗಳು ಜಪಾನಿನ ನೌಕಾಪಡೆಯನ್ನು ಹುಡುಕಿಕೊಂಡು ಹೊರಟವು. ಅವುಗಳಲ್ಲಿ ಹಡಗಿಗೆ ಮರಳಿ ಇಳಿದವು ನಾಲ್ಕೇ. ಅವು ನೀರಿಗೆ ಬಿಟ್ಟ ಟಾರ್ಪಿಡೊಗಳಲ್ಲಿ ಒಂದೂ ಶತ್ರುವಿನ ಹಡಗಿಗೆ ಬಡಿದು ಸಿಡಿಯಲಿಲ್ಲ. ಅದೇ ದಿನ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು, ಅಂದರೆ ಅಕಾಗಿ, ಕಾಗಾ, ಸೊರ್ಯು ಮತ್ತು ಹಿರ್ಯು, ಸರಿಪಡಿಸಲಾಗದಷ್ಟು ಹಾನಿಗೊಳಗಾದವು. ಆ ನಾಲ್ಕನ್ನೂ ಹೊಡೆದವು ಎತ್ತರದಿಂದ ಕಡಿದಾಗಿ ಇಳಿದು ಬಾಂಬ್ ಹಾಕುವ ಡೈವ್ ಬಾಂಬರ್‌ಗಳು. ಹಾಗಾದರೆ ಟಾರ್ಪಿಡೊ ವಿಮಾನಗಳವರು ಮಾಡಿದ್ದೇನು ಎಂಬ ಪ್ರಶ್ನೆಗೆ ಯುದ್ಧ ನಡೆಯುತ್ತಿದ್ದಾಗಲೇ ಒಂದು ಉತ್ತರ ಸಿದ್ಧವಾಯಿತು. ಅವರು ತಮ್ಮ ಪ್ರಾಣ ಕೊಟ್ಟು ಶತ್ರುವಿನ ಕಾವಲು ವಿಮಾನಗಳನ್ನು ಸಮುದ್ರಮಟ್ಟಕ್ಕೆ ಎಳೆದರು, ಆಗ ಮೇಲಿನ ಆಕಾಶ ತೆರವಾಗಿ ಡೈವ್ ಬಾಂಬರ್‌ಗಳಿಗೆ ದಾರಿಯಾಯಿತು ಎಂಬುದು ಆ ಉತ್ತರ. ಇಂದಿಗೂ ಹೆಚ್ಚಿನವರು ಕೇಳಿರುವುದು ಇದನ್ನೇ. ಇದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಆ ಮನುಷ್ಯರಿಗೆ ಒಪ್ಪಿಸಿದ ಕೆಲಸ ಎಂಥದು, ಅವರ ಕೈಗೆ ಕೊಟ್ಟ ಆಯುಧ ಎಂಥದು, ಅವರೊಳಗೆ ಯಾರ ಹೆಸರು ಉಳಿಯಿತು, ಯಾರದು ಹಿಂದೆ ಸರಿಯಿತು ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ಅವರನ್ನು ನಿಜವಾಗಿ ನೆನೆದಂತಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಬಾಂಬ್ ಹಡಗಿನ ಮೇಲ್ಭಾಗವನ್ನು ಒಡೆಯುತ್ತದೆ; ಟಾರ್ಪಿಡೊ ನೀರಿನ ಮಟ್ಟಕ್ಕಿಂತ ಕೆಳಗೆ ಹಡಗಿನ ಒಡಲನ್ನು ಸೀಳಿ ಸಮುದ್ರವನ್ನೇ ಒಳಗೆ ಬಿಡುತ್ತದೆ. ದೊಡ್ಡ ಯುದ್ಧನೌಕೆಯನ್ನು ಮುಳುಗಿಸಲು ಇದಕ್ಕಿಂತ ಪರಿಣಾಮಕಾರಿಯಾದ ಆಯುಧ ಆ ಕಾಲದ ವಿಮಾನಗಳ ಬಳಿ ಇರಲಿಲ್ಲ. ಆದರೆ ಟಾರ್ಪಿಡೊ ಎಂದರೆ ಸ್ವಂತ ಎಂಜಿನ್, ದಿಕ್ಕು ಕಾಯುವ ಗೈರೊಸ್ಕೋಪ್, ಆಳ ಕಾಯುವ ಸಾಧನ ಎಲ್ಲವೂ ಇರುವ, ಟನ್ನಿನ ಹತ್ತಿರ ತೂಗುವ ಒಂದು ನಾಜೂಕು ಯಂತ್ರ. ಅದನ್ನು ಎತ್ತರದಿಂದಲೋ ವೇಗದಿಂದಲೋ ಎಸೆದರೆ ನೀರಿನ ಹೊಡೆತಕ್ಕೆ ಒಳಗಿನದೆಲ್ಲ ಕೆಡುತ್ತದೆ. ಅಮೆರಿಕದ ನೌಕಾಪಡೆ ಆಗ ಬಳಸುತ್ತಿದ್ದ ಮಾರ್ಕ್ 13 ಟಾರ್ಪಿಡೊವನ್ನು ಸುಮಾರು 30 ಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗವನ್ನು ಮೀರದಂತೆ, ವಿಮಾನವನ್ನು ಅತ್ತಿತ್ತ ಓಲಿಸದೆ ಬಿಡಬೇಕಿತ್ತು. ಗಂಟೆಗೆ 500 ಕಿಲೋಮೀಟರ್‌ಗೂ ಮೀರಿ ಹಾರಬಲ್ಲ ಜಪಾನಿನ ಝೀರೊ ಯುದ್ಧವಿಮಾನಗಳು ಬೆನ್ನಟ್ಟಿರುವಾಗ, ಹಡಗುಗಳ ಫಿರಂಗಿಗಳು ಎದುರಿನಿಂದ ಹೊಡೆಯುತ್ತಿರುವಾಗ, ನೇರವಾಗಿ, ನಿಧಾನವಾಗಿ, ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತಾ ಹೋಗಬೇಕು ಎಂಬುದೇ ಈ ಕೆಲಸದ ತಿರುಳು. ಕೊನೆಯ 20 ಕಿಲೋಮೀಟರ್ ದಾಟಲು ಆ ವೇಗದಲ್ಲಿ ಆರು ನಿಮಿಷವಾದರೂ ಬೇಕು.

ಅಷ್ಟು ಹತ್ತಿರ ಹೋಗಿ ಬಿಟ್ಟ ಮೇಲೂ ಲೆಕ್ಕ ಸುಲಭವಲ್ಲ. ಮಾರ್ಕ್ 13 ನೀರಿನಲ್ಲಿ ಓಡುತ್ತಿದ್ದುದು ಸುಮಾರು 33 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 61 ಕಿಲೋಮೀಟರ್. ಗುರಿಯಿಂದ 900 ಮೀಟರ್ ದೂರದಲ್ಲಿ ಬಿಟ್ಟರೆ ಅದು ಮುಟ್ಟಲು ಐವತ್ತಕ್ಕೂ ಹೆಚ್ಚು ಸೆಕೆಂಡುಗಳಾಗುತ್ತವೆ. ಅಷ್ಟರಲ್ಲಿ 30 ನಾಟ್ ವೇಗದಲ್ಲಿ ಓಡುವ ಹಡಗು 800 ಮೀಟರ್‌ನಷ್ಟು ಮುಂದೆ ಹೋಗಿರುತ್ತದೆ. ಅಕಾಗಿಯ ಉದ್ದ 260 ಮೀಟರ್ ಎಂದಿಟ್ಟುಕೊಂಡರೆ, ಪೈಲಟ್ ಗುರಿಯಿಡಬೇಕಾದುದು ಹಡಗಿಗಲ್ಲ, ಅದರ ಮೂರು ಪಟ್ಟು ಉದ್ದದಷ್ಟು ಮುಂದಿರುವ ಖಾಲಿ ನೀರಿಗೆ. ಸೊರ್ಯು ಮತ್ತು ಹಿರ್ಯು ನೌಕೆಗಳ ಗರಿಷ್ಠ ವೇಗ 34 ನಾಟ್‌ಗಿಂತ ಹೆಚ್ಚಿದ್ದುದರಿಂದ ಅವು ಬೆನ್ನು ತಿರುಗಿಸಿ ಓಡಿದರೆ ಟಾರ್ಪಿಡೊ ಅವನ್ನು ಹಿಂದಿನಿಂದ ಮುಟ್ಟುವ ಮಾತೇ ಇರಲಿಲ್ಲ. ಆದ್ದರಿಂದಲೇ ಸ್ಕ್ವಾಡ್ರನ್ ಎರಡಾಗಿ ಒಡೆದು ಹಡಗಿನ ಮುಂಭಾಗದ ಎರಡೂ ಕಡೆಯಿಂದ ಒಟ್ಟಿಗೆ ಬರಬೇಕು, ಹಡಗು ಯಾವ ಕಡೆ ತಿರುಗಿದರೂ ಒಂದು ಗುಂಪಿಗೆ ತನ್ನ ಪಕ್ಕೆಯನ್ನು ಒಡ್ಡುವಂತಿರಬೇಕು ಎಂಬುದು ಪಾಠ. ಜೊತೆಗೆ ಮೇಲೆ ಡೈವ್ ಬಾಂಬರ್‌ಗಳಿರಬೇಕು, ಪಕ್ಕದಲ್ಲಿ ಬೆಂಗಾವಲಿನ ಯುದ್ಧವಿಮಾನಗಳಿರಬೇಕು. ಇವೆಲ್ಲ ಒಂದೇ ಹೊತ್ತಿಗೆ ಕೂಡಿ ಬಂದರೆ ಶತ್ರುವಿನ ಗಮನ ಚದುರುತ್ತದೆ. ಕೂಡಿ ಬರದಿದ್ದರೆ ಟಾರ್ಪಿಡೊ ವಿಮಾನಗಳೇ ಎಲ್ಲರ ಕಣ್ಣಿಗೂ ಬೀಳುವ ಏಕೈಕ ಗುರಿಯಾಗುತ್ತವೆ.

ಆ ದಿನ ಹಾರಿದ ಡಗ್ಲಸ್ ಡಿವಾಸ್ಟೇಟರ್ ವಿಮಾನವನ್ನು ಹಳೆಯ ಡಬ್ಬಿ ಎಂದು ಬರೆಯುವ ರೂಢಿಯಿದೆ. ಅದು ನೌಕಾಪಡೆಗೆ ಸೇರಿದ 1937ರಲ್ಲಿ ಪೂರ್ತಿ ಲೋಹದ, ಮುಚ್ಚಿದ ಕಾಕ್‌ಪಿಟ್ಟಿನ, ರೆಕ್ಕೆಗಳನ್ನು ಯಂತ್ರದಿಂದಲೇ ಮಡಚುವ ಅತ್ಯಾಧುನಿಕ ವಿಮಾನವಾಗಿತ್ತು. ಐದೇ ವರ್ಷಗಳಲ್ಲಿ ಉಳಿದ ಜಗತ್ತು ಅದನ್ನು ಹಿಂದೆ ಹಾಕಿತ್ತು. ಆದರೂ ಮಿಡ್‌ವೇಗೆ ಒಂದು ತಿಂಗಳ ಮೊದಲು, 1942ರ ಮೇ 7ರಂದು, ಕೋರಲ್ ಸಮುದ್ರದ ಕದನದಲ್ಲಿ ಇದೇ ವಿಮಾನಗಳು ಡೈವ್ ಬಾಂಬರ್‌ಗಳ ಜೊತೆಗೂಡಿ ಜಪಾನಿನ ಷೊಹೊ ಎಂಬ ಲಘು ವಿಮಾನವಾಹಕ ನೌಕೆಗೆ ಹಲವು ಟಾರ್ಪಿಡೊಗಳನ್ನು ತಗುಲಿಸಿ ಅದನ್ನು ಮುಳುಗಿಸಲು ನೆರವಾಗಿದ್ದವು. ಮಿಡ್‌ವೇಯಲ್ಲಿ ಕೈಕೊಟ್ಟದ್ದು ವಿಮಾನವೊಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಟಾರ್ಪಿಡೊದ ದೋಷ ಇನ್ನೂ ಗಂಭೀರವಾದುದು. ಯುದ್ಧಕ್ಕೆ ಮೊದಲಿನ ವರ್ಷಗಳಲ್ಲಿ ಅದನ್ನು ಸಾಕಷ್ಟು ಪರೀಕ್ಷಿಸಿರಲಿಲ್ಲ. ದುಬಾರಿ ಯಂತ್ರ ಹಾಳಾಗಬಾರದೆಂಬ ಜಿಪುಣತನ ಅದಕ್ಕೊಂದು ಕಾರಣ. 1943ರಲ್ಲಿ ನೌಕಾಪಡೆಯೇ ಹೆಚ್ಚಿನ ವೇಗದಲ್ಲಿ ಬಿಟ್ಟ 105 ಟಾರ್ಪಿಡೊಗಳ ಫಲಿತಾಂಶವನ್ನು ವಿಶ್ಲೇಷಿಸಿದಾಗ ಸರಿಯಾಗಿ ಓಡಿದವು ಶೇಕಡ 31 ಮಾತ್ರ ಎಂದು ತಿಳಿಯಿತು. ಉಳಿದವುಗಳಲ್ಲಿ ಕೆಲವು ಎಂಜಿನ್ ಹತ್ತದೆ ನಿಂತವು, ಕೆಲವು ಮುಳುಗಿದವು, ಕೆಲವು ದಿಕ್ಕು ತಪ್ಪಿದವು. ಮೂತಿಗೂ ಬಾಲಕ್ಕೂ ಪ್ಲೈವುಡ್ಡಿನ ಕವಚ, ಬಾಲದ ರೆಕ್ಕೆಗಳ ಸುತ್ತ ಒಂದು ಬಳೆ ಹೀಗೆ ಸರಳವೆನಿಸುವ ಬದಲಾವಣೆಗಳಿಂದ 1944ರ ವೇಳೆಗೆ ಅದೇ ಟಾರ್ಪಿಡೊವನ್ನು ಹಲವು ಪಟ್ಟು ಎತ್ತರದಿಂದ, ಹೆಚ್ಚು ವೇಗದಲ್ಲಿ ಬಿಡುವುದು ಸಾಧ್ಯವಾಯಿತು. 1945ರ ಏಪ್ರಿಲ್ 7ರಂದು ಯಮಾಟೊ ಎಂಬ ಬೃಹತ್ ಯುದ್ಧನೌಕೆಯನ್ನು ಮುಳುಗಿಸಿದ್ದು ಮುಖ್ಯವಾಗಿ ಆ ಸುಧಾರಿತ ಟಾರ್ಪಿಡೊಗಳೇ. ಅಷ್ಟು ಸಣ್ಣ ಪರಿಹಾರ ಎರಡು ವರ್ಷ ಮೊದಲು ಸಿಕ್ಕಿದ್ದರೆ ಎಂದು ಯೋಚಿಸದೆ ಮಿಡ್‌ವೇಯ ಕಥೆಯನ್ನು ಓದುವುದು ನನಗಂತೂ ಆಗುವುದಿಲ್ಲ.

ಇನ್ನು ಆ ಬೆಳಗಿನ ಘಟನೆಗಳು. ಹಾರ್ನೆಟ್ ನೌಕೆಯ ಟಾರ್ಪಿಡೊ ಸ್ಕ್ವಾಡ್ರನ್ 8ರ ನಾಯಕ ಲೆಫ್ಟಿನೆಂಟ್ ಕಮಾಂಡರ್ ಜಾನ್ ವಾಲ್‌ಡ್ರನ್ ಅವರಿಗೆ ಆಗ 41 ವರ್ಷ. ದಕ್ಷಿಣ ಡಕೋಟಾದ ಫೋರ್ಟ್ ಪಿಯರ್‌ನಲ್ಲಿ ಹುಟ್ಟಿದ ಅವರಲ್ಲಿ ಲಕೋಟಾ ಮೂಲನಿವಾಸಿಗಳ ರಕ್ತವೂ ಇತ್ತು. ಹಿಂದಿನ ರಾತ್ರಿ ತಮ್ಮವರಿಗೆ ಹಂಚಿದ ಕಾಗದದಲ್ಲಿ ಅವರು, ಕೊನೆಗೆ ಒಂದೇ ವಿಮಾನ ಉಳಿದರೂ ಅದರಲ್ಲಿರುವವನು ನುಗ್ಗಿ ಗುರಿ ಹೊಡೆಯಲಿ ಎಂಬ ಆಶಯವನ್ನು ಬರೆದಿದ್ದರು. ಬೆಂಗಾವಲು ಬೇಕೆಂದು ಕೇಳಿದರು, ಆದರೆ ಹಾರ್ನೆಟ್‌ನ ಯುದ್ಧವಿಮಾನಗಳು ಎತ್ತರದಲ್ಲಿ ಡೈವ್ ಬಾಂಬರ್‌ಗಳ ಜೊತೆ ಹೋದವು. ಹಾರಿದ ಸ್ವಲ್ಪ ಹೊತ್ತಿಗೇ ವಾಲ್‌ಡ್ರನ್ ಅವರಿಗೆ ಇಡೀ ಗುಂಪು ತಪ್ಪು ದಿಕ್ಕಿನಲ್ಲಿ ಹೋಗುತ್ತಿದೆ ಎಂದು ಖಾತ್ರಿಯಾಗಿ, ಗುಂಪಿನ ನಾಯಕರ ಆದೇಶವನ್ನು ಮೀರಿ ತಮ್ಮ 15 ವಿಮಾನಗಳನ್ನು ನೈರುತ್ಯಕ್ಕೆ ತಿರುಗಿಸಿಕೊಂಡು ಹೋದರು. ಅವರ ಲೆಕ್ಕ ಸರಿಯಾಗಿತ್ತು. ನೇರವಾಗಿ ಜಪಾನಿನ ನೌಕಾಪಡೆಯ ಎದುರಿಗೇ ಹೋಗಿ ಸೇರಿದರು. ಸುಮಾರು ಒಂಬತ್ತೂಕಾಲು ಗಂಟೆಯ ಹೊತ್ತಿಗೆ ಶುರುವಾದ ಆ ದಾಳಿಯಲ್ಲಿ ಹದಿನೈದು ವಿಮಾನಗಳೂ ಒಂದೊಂದಾಗಿ ಸಮುದ್ರಕ್ಕೆ ಬಿದ್ದವು. ಮೂವತ್ತು ಜನರಲ್ಲಿ ಬದುಕಿದವರು ಎನ್‌ಸೈನ್ ಜಾರ್ಜ್ ಗೇ ಒಬ್ಬರೇ. ಹಡಗಿನ ಮೇಲಿಂದ ಟಾರ್ಪಿಡೊ ಹೊತ್ತು ಹಾರಿದ್ದು ತಮಗೆ ಅದೇ ಮೊದಲ ಸಲ ಎಂದು ಅವರು ಆಮೇಲೆ ಹೇಳಿದ್ದಾರೆ. ತೇಲುವ ಸೀಟಿನ ದಿಂಬಿನಡಿ ತಲೆ ಮರೆಸಿಕೊಂಡು, ಸುತ್ತ ಉರಿಯುತ್ತಿದ್ದ ಹಡಗುಗಳನ್ನು ನೀರಿನಿಂದಲೇ ನೋಡುತ್ತಾ, ಸುಮಾರು 30 ಗಂಟೆಗಳ ನಂತರ ಅವರು ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಕ್ಕೆ ಸಿಕ್ಕರು. ಅತ್ತ ಮೊದಲಿನ ದಿಕ್ಕಿನಲ್ಲೇ ಮುಂದುವರಿದ ಹಾರ್ನೆಟ್‌ನ ಉಳಿದ ವಿಮಾನಗಳಿಗೆ ಶತ್ರುವಿನ ಹಡಗುಗಳು ಕಾಣಲೇ ಇಲ್ಲ. ಅವುಗಳ ಹತ್ತೂ ಯುದ್ಧವಿಮಾನಗಳು ಇಂಧನ ಮುಗಿದು ಸಮುದ್ರದಲ್ಲಿ ಇಳಿದವು.

ಎಂಟರ್‌ಪ್ರೈಸ್‌ನ ಟಾರ್ಪಿಡೊ ಸ್ಕ್ವಾಡ್ರನ್ 6ರ ನಾಯಕ ಯೂಜಿನ್ ಲಿಂಡ್ಸೆ ಕೆಲವೇ ದಿನಗಳ ಹಿಂದೆ ಹಡಗಿಗೆ ಇಳಿಯುವಾಗ ಆದ ಅಪಘಾತದಲ್ಲಿ ಗಾಯಗೊಂಡಿದ್ದರು. ಮುಖದ ಗಾಯದ ಮೇಲೆ ಹಾರಾಟದ ಕನ್ನಡಕವನ್ನು ಹಾಕಿಕೊಳ್ಳುವುದೂ ಕಷ್ಟವಾಗಿತ್ತು. ಅವರೂ ಹೋದರು, ಮರಳಲಿಲ್ಲ. ಆ ಸ್ಕ್ವಾಡ್ರನ್ನಿನ 14 ವಿಮಾನಗಳಲ್ಲಿ ಹತ್ತು ಹೋದವು. ನೀರಿನಲ್ಲಿ ಇಳಿದ ಒಂದು ವಿಮಾನದ ಇಬ್ಬರು ರಬ್ಬರ್ ತೆಪ್ಪದಲ್ಲಿ 17 ದಿನ ಕಳೆದು ಬದುಕಿ ಬಂದರು. ಯಾರ್ಕ್‌ಟೌನ್‌ನಿಂದ ಲ್ಯಾನ್ಸ್ ಮ್ಯಾಸಿ ನಾಯಕತ್ವದಲ್ಲಿ ಬಂದ ಸ್ಕ್ವಾಡ್ರನ್ 3ಕ್ಕೆ ಮಾತ್ರ ಆರು ಯುದ್ಧವಿಮಾನಗಳ ಬೆಂಗಾವಲಿತ್ತು. ಅದರ 12 ವಿಮಾನಗಳಲ್ಲಿ ಹತ್ತು ಹೊಡೆತಕ್ಕೆ ಬಿದ್ದವು, ಉಳಿದೆರಡು ಮರಳುವ ದಾರಿಯಲ್ಲಿ ನೀರಿಗಿಳಿದವು. ಮ್ಯಾಸಿಯವರೂ ಬದುಕುಳಿಯಲಿಲ್ಲ.

ಆ ಎರಡು ವಿಮಾನಗಳ ಹಿಂದಿನ ಸೀಟುಗಳಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಿವಾಸ್ಟೇಟರ್ ಮೂವರಿಗಾಗಿ ಕಟ್ಟಿದ ವಿಮಾನವಾದರೂ ಅಂದು ಒಂದೊಂದರಲ್ಲಿ ಇಬ್ಬರೇ ಇದ್ದರು. ಮುಂದೆ ಪೈಲಟ್, ಹಿಂದೆ, ಬಾಲದ ಕಡೆಗೆ ಮುಖ ಮಾಡಿ, ರೇಡಿಯೊ ಕೆಲಸವನ್ನೂ ಮಷಿನ್‌ಗನ್ನನ್ನೂ ನೋಡಿಕೊಳ್ಳುವ ಗನ್ನರ್. ಪೈಲಟ್‌ನ ಕಣ್ಣು ಎದುರಿನ ಹಡಗಿನ ಮೇಲಿರುತ್ತದೆ. ಗನ್ನರ್‌ಗೆ ತಾನು ಹೋಗುತ್ತಿರುವ ಜಾಗ ಕಾಣುವುದಿಲ್ಲ. ಕಾಣುವುದು ಬೆನ್ನಟ್ಟಿ ಬರುವ ವಿಮಾನ ಮತ್ತು ಅಕ್ಕಪಕ್ಕದಲ್ಲಿ ಹೊತ್ತಿ ಉರಿದು ನೀರಿಗೆ ಬೀಳುವ ತನ್ನ ಸ್ನೇಹಿತರು. ಸ್ಕ್ವಾಡ್ರನ್ 3ರ ಗನ್ನರ್ ಲಾಯ್ಡ್ ಚೈಲ್ಡರ್ಸ್ ಅವರಿಗೆ ಅಂದು ಹುಟ್ಟುಹಬ್ಬ, 21 ತುಂಬಿದ ದಿನ. ಕಾಲಿಗೆ ಗುಂಡು ತಗುಲಿ, ಮಷಿನ್‌ಗನ್ ಕಚ್ಚಿಕೊಂಡು ನಿಂತ ಮೇಲೆ ಅವರು ಸೊಂಟದ ಪಿಸ್ತೂಲನ್ನು ತೆಗೆದು ಝೀರೊಗಳ ಮೇಲೆ ಗುಂಡು ಹಾರಿಸಿದರು. ಬದುಕಿ ಉಳಿದು ಅದನ್ನು ಹೇಳಿದರು. ಇನ್ನೊಂದು ವಿಮಾನದ ರಾಬರ್ಟ್ ಬ್ರೇಜಿಯರ್ ಅವರ ಕಾಲುಗಳು ಗುಂಡಿನಿಂದ ನುಜ್ಜಾಗಿದ್ದವು. ಪೈಲಟ್ ವಿಲ್ಹೆಲ್ಮ್ ಎಸ್ಡರ್ಸ್ ಅವರಿಗೆ ಹಡಗಿನ ದಿಕ್ಕು ತಿಳಿಯಬೇಕಾದರೆ ರೇಡಿಯೊದ ಕಾಯಿಲ್‌ಗಳನ್ನು ಬದಲಿಸಿ ದಾರಿ ತೋರುವ ಸಂಕೇತವನ್ನು ಹಿಡಿಯಬೇಕಿತ್ತು, ಮತ್ತು ಅದು ಹಿಂದಿನ ಸೀಟಿನಿಂದ ಮಾತ್ರ ಆಗುವ ಕೆಲಸ. ಅಷ್ಟು ನೋವಿನಲ್ಲೂ ಬ್ರೇಜಿಯರ್ ಆ ಕಾಯಿಲ್‌ಗಳನ್ನು ಬದಲಿಸಿದರು. ಸಂಕೇತ ಸಿಕ್ಕಿತು, ವಿಮಾನ ತಮ್ಮವರ ಹಡಗುಗಳ ಕಡೆಗೆ ತಿರುಗಿತು, ಇಂಧನ ಮುಗಿದು ನೀರಿಗಿಳಿದ ಮೇಲೆ ತೆಪ್ಪದಲ್ಲಿ ಅವರು ಪ್ರಾಣ ಬಿಟ್ಟರು. ಎಸ್ಡರ್ಸ್ ಬದುಕಿದರು.

ಇದಕ್ಕೂ ಮೊದಲು, ಬೆಳಿಗ್ಗೆ ಏಳು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಮಿಡ್‌ವೇ ದ್ವೀಪದ ಮೇಲಿಂದಲೇ ಹಾರಿದ ಇನ್ನೊಂದು ಗುಂಪು ದಾಳಿ ಮಾಡಿತ್ತು: ಸ್ಕ್ವಾಡ್ರನ್ 8ರದೇ ಭಾಗವಾಗಿದ್ದ ಆರು ಹೊಸ ಅವೆಂಜರ್ ವಿಮಾನಗಳು ಮತ್ತು ಟಾರ್ಪಿಡೊ ಕಟ್ಟಿದ್ದ ನಾಲ್ಕು ಬಿ-26 ಬಾಂಬರ್‌ಗಳು. ಅವೆಂಜರ್‌ಗಳಲ್ಲಿ ಮರಳಿದ್ದು ಒಂದೇ. ಅದರ ಗನ್ನರ್ ಜೇ ಮ್ಯಾನಿಂಗ್ ಸತ್ತಿದ್ದರು, ಪೈಲಟ್ ಆಲ್ಬರ್ಟ್ ಅರ್ನೆಸ್ಟ್ ಗಾಯಗೊಂಡಿದ್ದರು, ಮೂರನೆಯವರಾದ ರೇಡಿಯೊ ನಿರ್ವಾಹಕ ಹ್ಯಾರಿ ಫೆರಿಯರ್ ಅವರಿಗೆ ತಲೆಗೆ ಪೆಟ್ಟಾಗಿತ್ತು. ಅವರ ವಯಸ್ಸು 17. ಬಿ-26ಗಳಲ್ಲಿ ಒಂದು, ಅಕಾಗಿಯಲ್ಲಿ ಅಧಿಕಾರಿಗಳು ನಿಂತು ಹಡಗು ನಡೆಸುವ ಕಟ್ಟೆಯ ತೀರ ಸಮೀಪದಲ್ಲೇ ಹಾದು ಹೋಗಿ ಸಮುದ್ರಕ್ಕೆ ಬಿತ್ತು. ಈ ದಾಳಿ ಮುಗಿಯುತ್ತಿದ್ದಂತೆಯೇ ಜಪಾನಿನ ಅಡ್ಮಿರಲ್ ನಗುಮೊ, ಅಮೆರಿಕದ ಹಡಗುಗಳಿಗಾಗಿ ಸಿದ್ಧವಾಗಿಟ್ಟಿದ್ದ ವಿಮಾನಗಳ ಆಯುಧಗಳನ್ನು ಬದಲಿಸಿ ದ್ವೀಪದ ಮೇಲೆ ಮತ್ತೊಮ್ಮೆ ದಾಳಿ ಮಾಡಲು ಆದೇಶಿಸಿದರು. ಎರಡನೇ ದಾಳಿ ಬೇಕೆಂಬ ಸಲಹೆ ಅವರಿಗೆ ಮೊದಲೇ ಬಂದಿತ್ತು, ಆದರೆ ಕಣ್ಣೆದುರೇ ನಡೆದ ಈ ದಾಳಿ ಅದಕ್ಕೆ ತೂಕ ಕೊಟ್ಟಿತು. ಆ ಬದಲಾವಣೆಯ ಗೊಂದಲದಿಂದ ಜಪಾನಿನ ನೌಕಾಪಡೆ ಇಡೀ ಬೆಳಿಗ್ಗೆ ಚೇತರಿಸಿಕೊಳ್ಳಲಿಲ್ಲ. ಜನಪ್ರಿಯ ಕಥೆಗಳಲ್ಲಿ ಈ ಹತ್ತು ವಿಮಾನಗಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನನ್ನ ದೃಷ್ಟಿಯಲ್ಲಿ ಕದನದ ಗತಿಯನ್ನು ಅವು ಬಗ್ಗಿಸಿದಷ್ಟು ಆ ಬೆಳಗಿನ ಬೇರೆ ಯಾವ ವಿಫಲ ದಾಳಿಯೂ ಬಗ್ಗಿಸಲಿಲ್ಲ.

ಈಗ ಆರಂಭದಲ್ಲಿ ಹೇಳಿದ ಉತ್ತರವನ್ನು ಪರೀಕ್ಷಿಸಬಹುದು. ಡೈವ್ ಬಾಂಬರ್‌ಗಳು ಎರಗಿದ್ದು ಸುಮಾರು 10 ಗಂಟೆ 22 ನಿಮಿಷಕ್ಕೆ. ಸ್ಕ್ವಾಡ್ರನ್ 8ರ ದಾಳಿ ಅದಕ್ಕಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಮುಗಿದಿತ್ತು. ಝೀರೊ ವಿಮಾನ ಆರು ಸಾವಿರ ಮೀಟರ್ ಎತ್ತರಕ್ಕೆ ಎಂಟು ನಿಮಿಷಗಳೊಳಗೆ ಏರಬಲ್ಲದು. ಆದ್ದರಿಂದ ವಾಲ್‌ಡ್ರನ್ ಅವರ ಸ್ಕ್ವಾಡ್ರನ್ ಕೆಳಕ್ಕೆಳೆದ ಕಾವಲು ವಿಮಾನಗಳು ಒಂದು ಗಂಟೆಯವರೆಗೂ ಕೆಳಗೇ ಉಳಿದವು ಎನ್ನುವುದು ನಿಲ್ಲುವ ಮಾತಲ್ಲ. ಜಪಾನಿನ ದಾಖಲೆಗಳನ್ನು ಓದಿದ ಈಚಿನ ಇತಿಹಾಸಕಾರರು ಹೇಳುವುದು ಬೇರೆ. ಒಂದರ ಹಿಂದೊಂದು ಬಂದ ದಾಳಿಗಳಿಂದ ತಪ್ಪಿಸಿಕೊಳ್ಳಲು ಹಡಗುಗಳು ನಿರಂತರ ಹೊರಳುತ್ತಲೇ ಇರಬೇಕಾಯಿತು. ಗುಂಡು ಮುಗಿದ ಝೀರೊಗಳನ್ನು ಇಳಿಸಿ, ತುಂಬಿಸಿ, ಮತ್ತೆ ಹಾರಿಸುವುದಕ್ಕೇ ಹಡಗಿನ ಮೇಲ್ಮೈ ಮೀಸಲಾದ್ದರಿಂದ, ಅಮೆರಿಕದ ನೌಕೆಗಳ ಮೇಲೆ ಹೋಗಬೇಕಾಗಿದ್ದ ದಾಳಿಯ ವಿಮಾನಗಳನ್ನು ಮೇಲಕ್ಕೆ ತಂದು ಸಾಲಾಗಿ ನಿಲ್ಲಿಸಲು ಬಿಡುವೇ ಸಿಗಲಿಲ್ಲ. ಕೊನೆಯಲ್ಲಿ ಬಂದ ಸ್ಕ್ವಾಡ್ರನ್ 3 ಮತ್ತು ಅದರ ಬೆಂಗಾವಲು ಝೀರೊಗಳನ್ನು ಒಂದೇ ದಿಕ್ಕಿಗೆ ಸೆಳೆದಿಟ್ಟ ಹೊತ್ತಿನಲ್ಲೇ ಡೈವ್ ಬಾಂಬರ್‌ಗಳು ಬೇರೆ ದಿಕ್ಕುಗಳಿಂದ ಬಂದವು. ರಾಡಾರ್ ಇಲ್ಲದ ಜಪಾನಿನ ಹಡಗುಗಳು ಅವನ್ನು ಬರಿಗಣ್ಣಿನಿಂದ ಗುರುತಿಸುವ ಹೊತ್ತಿಗೆ ಕಾಲ ಮಿಂಚಿತ್ತು. ಅಂದರೆ ಟಾರ್ಪಿಡೊ ಸ್ಕ್ವಾಡ್ರನ್‌ಗಳು ಗಳಿಸಿಕೊಟ್ಟದ್ದು ಮುಖ್ಯವಾಗಿ ಸಮಯವನ್ನು. ಈ ತಿದ್ದುಪಡಿಯಿಂದ ಅವರ ಧೈರ್ಯಕ್ಕೆ ಒಂದು ಗುಂಜಿಯಷ್ಟೂ ಕುಂದಿಲ್ಲ. ಆದರೆ ಸತ್ತವರು ಬೇಕೆಂದೇ ಬಲಿಯಾಗಲು ಹೋದರು ಎಂಬಂತೆ ಧ್ವನಿಸುವ ಹಳೆಯ ಕಥೆ ಒಂದು ಅನ್ಯಾಯ ಮಾಡುತ್ತದೆ: ಅವರು ಹೋದದ್ದು ಹಡಗು ಮುಳುಗಿಸಲು. ಅದು ಆಗದಂತೆ ಮಾಡಿದ ದೋಷಗಳಿಗೆ, ಅಂದರೆ ಕೆಟ್ಟ ಟಾರ್ಪಿಡೊಗೂ ಕೂಡಿಬರದ ಯೋಜನೆಗೂ, ಬಲಿದಾನದ ಮಾತು ಒಂದು ತೆರೆ ಎಳೆದುಬಿಡುತ್ತದೆ.

ಹೊಂದಾಣಿಕೆಯಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅದೇ ಮಧ್ಯಾಹ್ನ ಎದುರು ಪಕ್ಷವೇ ಉದಾಹರಣೆ ಒದಗಿಸಿತು. ಉಳಿದಿದ್ದ ಒಂದೇ ನೌಕೆ ಹಿರ್ಯುವಿನಿಂದ ಹತ್ತು ಟಾರ್ಪಿಡೊ ವಿಮಾನಗಳು ತೊಮೊನಾಗ ಜೊಯಿಚಿ ಅವರ ನಾಯಕತ್ವದಲ್ಲಿ, ಆರು ಝೀರೊಗಳ ಬೆಂಗಾವಲಿನಲ್ಲಿ ಹೊರಟವು. ಬೆಳಗಿನ ದಾಳಿಯಲ್ಲಿ ತೊಮೊನಾಗ ಅವರ ವಿಮಾನದ ಎಡರೆಕ್ಕೆಯ ಇಂಧನದ ತೊಟ್ಟಿ ತೂತಾಗಿತ್ತು, ಹಾಗೆಯೇ ಹೋದರು. ಅವರ ಟಾರ್ಪಿಡೊ 40 ನಾಟ್‌ಗೂ ಹೆಚ್ಚು ವೇಗದ್ದು, ವಿಶ್ವಾಸಕ್ಕೆ ಅರ್ಹವಾದುದು. ಎರಡು ಗುಂಪಾಗಿ ಬಂದು ಯಾರ್ಕ್‌ಟೌನ್‌ಗೆ ಎರಡು ಟಾರ್ಪಿಡೊ ತಗುಲಿಸಿದರು. ಆದರೂ ಹತ್ತರಲ್ಲಿ ಐದು ವಿಮಾನಗಳು ಮರಳಲಿಲ್ಲ, ತೊಮೊನಾಗ ಅವರದೂ ಸೇರಿ. ಒಳ್ಳೆಯ ಆಯುಧ, ಒಳ್ಳೆಯ ತರಬೇತಿ, ಬೆಂಗಾವಲು ಎಲ್ಲವೂ ಇದ್ದಾಗಲೂ ಈ ಕೆಲಸದ ಬೆಲೆ ಅರ್ಧದಷ್ಟು ಜನ. ಎರಡು ತಿಂಗಳ ಹಿಂದೆ ನಮ್ಮ ಪಕ್ಕದ ಕಡಲಿನಲ್ಲೂ ಇಂಥದೇ ಒಂದು ಘಟನೆ ನಡೆದಿತ್ತು. 1942ರ ಏಪ್ರಿಲ್ 5ರಂದು ಅಕಾಗಿ, ಸೊರ್ಯು, ಹಿರ್ಯು ಇದ್ದ ಇದೇ ನೌಕಾಪಡೆ ಕೊಲಂಬೊ ಮೇಲೆ ದಾಳಿ ಮಾಡಿದಾಗ, ತ್ರಿಂಕೋಮಲಿಯ ಕಡೆಯಿಂದ ಟಾರ್ಪಿಡೊ ಹೊತ್ತು ಬರುತ್ತಿದ್ದ ಬ್ರಿಟನ್ನಿನ ಆರು ಸ್ವೋರ್ಡ್‌ಫಿಶ್ ವಿಮಾನಗಳನ್ನು ಝೀರೊಗಳು ದಾರಿಯಲ್ಲೇ ಹೊಡೆದುರುಳಿಸಿದವು. ಆ ಆರು ವಿಮಾನಗಳ ಸುದ್ದಿ ನಮ್ಮ ಓದುಗರಲ್ಲಿ ಕೆಲವರಿಗಷ್ಟೇ ಗೊತ್ತಿರಬಹುದು.

ಸ್ಮರಣೆಯ ವಿಷಯಕ್ಕೆ ಬಂದರೆ, ಮೊದಲು ಎದ್ದು ಕಾಣುವುದು ಪದಕಗಳ ಶ್ರೇಣಿ. ಮಿಡ್‌ವೇಯ ಟಾರ್ಪಿಡೊ ಪೈಲಟ್‌ಗಳಿಗೆ ನೌಕಾಪಡೆಯ ಎರಡನೇ ಅತ್ಯುನ್ನತ ಗೌರವವಾದ ನೇವಿ ಕ್ರಾಸ್ ಸಂದಿತು. ಅದೇ ವಿಮಾನದ ಹಿಂದಿನ ಸೀಟಿನಲ್ಲಿ, ಅದೇ ಕ್ಷಣದಲ್ಲಿ ಸತ್ತ ಗನ್ನರ್‌ಗಳಿಗೆ ಸಂದದ್ದು ಅದಕ್ಕಿಂತ ಕೆಳಗಿನ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್. ವಿಮಾನ ನಡೆಸುವ ನಿರ್ಧಾರ ಪೈಲಟ್‌ನದು ಎಂಬ ಸಮರ್ಥನೆ ಇದಕ್ಕಿದೆ, ಆದರೆ ಬ್ರೇಜಿಯರ್ ಅವರ ಕೊನೆಯ ಗಂಟೆಯನ್ನು ಓದಿದ ಮೇಲೆ ಆ ಸಮರ್ಥನೆ ನನಗೆ ಒಪ್ಪಿಗೆಯಾಗುವುದಿಲ್ಲ. ಬ್ರಿಟನ್ನಿನಲ್ಲೂ ಸ್ಥಿತಿ ಭಿನ್ನವಾಗಿರಲಿಲ್ಲ. 1941ರ ಏಪ್ರಿಲ್ 6ರಂದು ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಗ್ನೈಸನೌ ಯುದ್ಧನೌಕೆಗೆ ಟಾರ್ಪಿಡೊ ಹೊಡೆದು ಸತ್ತ ಬೋಫರ್ಟ್ ವಿಮಾನದ ನಾಲ್ವರಲ್ಲಿ ವಿಕ್ಟೋರಿಯಾ ಕ್ರಾಸ್ ಬಂದದ್ದು ಪೈಲಟ್ ಕೆನೆತ್ ಕ್ಯಾಂಪ್‌ಬೆಲ್ ಅವರಿಗೆ ಮಾತ್ರ. 1942ರ ಫೆಬ್ರವರಿ 12ರಂದು ಇಂಗ್ಲಿಷ್ ಕಾಲುವೆಯಲ್ಲಿ ಜರ್ಮನ್ ಯುದ್ಧನೌಕೆಗಳ ಮೇಲೆ ಎರಗಿದ ಆರು ಸ್ವೋರ್ಡ್‌ಫಿಶ್‌ಗಳೂ ಬಿದ್ದು, 18 ಜನರಲ್ಲಿ 13 ಜನ ಸತ್ತರು. ನಾಯಕ ಯೂಜಿನ್ ಎಸ್ಮಂಡ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಸತ್ತವರಿಗೆ ಆ ಪದಕವನ್ನು ಬಿಟ್ಟರೆ ವರದಿಯಲ್ಲಿ ಹೆಸರು ಉಲ್ಲೇಖಿಸುವ ಗೌರವವನ್ನಷ್ಟೇ ಕೊಡುವ ನಿಯಮವಿದ್ದುದರಿಂದ ಉಳಿದ ಹನ್ನೆರಡು ಜನರಿಗೆ ಅಷ್ಟೇ ದಕ್ಕಿತು.

ಅಮೆರಿಕದ ನೌಕಾಪಡೆ ಹಡಗುಗಳಿಗೆ ಹೆಸರಿಡುವ ಸಂಪ್ರದಾಯದ ಮೂಲಕ ಈ ಅಂತರವನ್ನು ಸ್ವಲ್ಪ ತುಂಬಿತು ಎನ್ನಬಹುದು. ವಾಲ್‌ಡ್ರನ್, ಲಿಂಡ್ಸೆ, ಮ್ಯಾಸಿ ಮೂವರ ಹೆಸರಿನಲ್ಲೂ ಡಿಸ್ಟ್ರಾಯರ್ ಹಡಗುಗಳು ಯುದ್ಧ ಮುಗಿಯುವ ಮೊದಲೇ ನೀರಿಗಿಳಿದವು. ಜಾರ್ಜ್ ಗೇ ಅವರ ಹಿಂದೆ ಕುಳಿತು ಸತ್ತ ಗನ್ನರ್ ರಾಬರ್ಟ್ ಹಂಟಿಂಗ್ಟನ್ ಅವರ ಹೆಸರನ್ನೂ ಒಂದು ಡಿಸ್ಟ್ರಾಯರ್ ಹೊತ್ತಿತು. ಆದರೆ ಹಡಗುಗಳು ಸೇವೆಯಿಂದ ನಿವೃತ್ತವಾಗುತ್ತವೆ, ಅವುಗಳ ಜೊತೆಗೆ ಹೆಸರುಗಳೂ ದಿನಬಳಕೆಯಿಂದ ಹೋಗುತ್ತವೆ.

ಚಿತ್ರಗಳ ವಿಷಯವೂ ಹೀಗೆಯೇ. ಸ್ಕ್ವಾಡ್ರನ್ 8ರ ಅತ್ಯಂತ ಪ್ರಸಿದ್ಧವಾದ ಛಾಯಾಚಿತ್ರ 1942ರ ಮೇ ತಿಂಗಳಲ್ಲಿ ಹಾರ್ನೆಟ್ ಮೇಲೆ ತೆಗೆದದ್ದು. ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಎಲ್ಲೆಡೆ ಅದೇ ಕಾಣುತ್ತದೆ. ಅದರಲ್ಲಿ ಇರುವವರೆಲ್ಲ ಪೈಲಟ್‌ಗಳು. ಆದರೆ ಇನ್ನೊಂದು ದಾಖಲೆಯೂ ಇದೆ. ಹಾರ್ನೆಟ್ ಮೇಲೆ ಕೆಲವೇ ದಿನಗಳ ಹಿಂದೆ ತೆಗೆದಿದ್ದ ಬಣ್ಣದ ಚಲನಚಿತ್ರದ ತುಣುಕುಗಳನ್ನು ಹಾಲಿವುಡ್ ನಿರ್ದೇಶಕ, ಆಗ ನೌಕಾಪಡೆಯಲ್ಲಿದ್ದ ಜಾನ್ ಫೋರ್ಡ್ ಕೆಲವು ನಿಮಿಷಗಳ ಒಂದು ಕಿರುಚಿತ್ರವಾಗಿ ಜೋಡಿಸಿ, ಮನೆಯಲ್ಲೇ ತೋರಿಸಬಹುದಾದ ಸಣ್ಣ ಅಳತೆಯ ಫಿಲಂನಲ್ಲಿ ಮಡಿದವರ ಕುಟುಂಬಗಳಿಗೆ ತಲುಪಿಸಿದರು. ಅದು ಸಾರ್ವಜನಿಕ ಪ್ರದರ್ಶನಕ್ಕೆಂದು ಮಾಡಿದ್ದಲ್ಲ. ಅದರಲ್ಲಿ ಪೈಲಟ್ ಮತ್ತು ಗನ್ನರ್ ಜೋಡಿಯಾಗಿ ತಮ್ಮ ವಿಮಾನದ ಬಳಿ ನಿಲ್ಲುತ್ತಾರೆ, ಗಾಳಿಗೆ ಕಣ್ಣು ಕಿರಿದು ಮಾಡಿ ನಗುತ್ತಾರೆ. ಈ ಸ್ಕ್ವಾಡ್ರನ್ನಿನ ಅತ್ಯಂತ ನ್ಯಾಯಯುತವಾದ ಸ್ಮಾರಕ ಯಾವುದು ಎಂದು ಕೇಳಿದರೆ ನಾನು ಹೇಳುವುದು ಇದನ್ನೇ. ಇಂದು ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಜಾರ್ಜ್ ಗೇ ಉಳಿದ ಬದುಕನ್ನೆಲ್ಲ ತನ್ನ ಜೊತೆಗಾರರ ಪರವಾಗಿ ಮಾತಾಡುತ್ತಲೇ ಕಳೆದರು. ಅವರು 1994ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಸ್ಕ್ವಾಡ್ರನ್ ಬಿದ್ದ ಕಡಲಿನಲ್ಲೇ ಬಿಡಲಾಯಿತು. ಒಬ್ಬರೇ ಸಾಕ್ಷಿಯಾಗಿ ಉಳಿದದ್ದರ ಭಾರ ಇತಿಹಾಸದ ಮೇಲೂ ಬಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹಾರ್ನೆಟ್‌ನ ಸ್ಕ್ವಾಡ್ರನ್‌ಗಳಿಂದ ಬೇರೆ ಬೇರೆ ವರದಿಗಳು ದಾಖಲೆಯಲ್ಲಿ ಉಳಿದಿಲ್ಲ. ಇರುವುದು ಹಡಗಿನ ಕ್ಯಾಪ್ಟನ್ ಮಿಟ್ಷರ್ ಅವರ ಒಂದೇ ವರದಿ. ಹಾರ್ನೆಟ್‌ನ ವಿಮಾನಗಳು ನಿಜವಾಗಿ ಯಾವ ದಿಕ್ಕಿನಲ್ಲಿ ಹಾರಿದವು, ವಾಲ್‌ಡ್ರನ್ ಯಾಕೆ ಗುಂಪು ಬಿಟ್ಟರು ಎಂಬುದು ದಶಕಗಳ ನಂತರ, ಬದುಕುಳಿದ ಇತರ ಪೈಲಟ್‌ಗಳ ಮಾತುಗಳನ್ನು ಸಂಶೋಧಕರು ಒಂದೊಂದಾಗಿ ಕೂಡಿಸಿದ ಮೇಲೆ ಬೆಳಕಿಗೆ ಬಂತು. ಅಷ್ಟು ವರ್ಷ ಆ ಜಾಗವನ್ನು ತುಂಬಿದ್ದು ಬಲಿದಾನದ ಸರಳ ಕಥೆ.

ಸ್ಮರಣೆಗೆ ಈಗ ಎದುರಾಗಿರುವ ಕಷ್ಟ ಬೇರೆ ಬಗೆಯದು. ಕಟ್ಟಿದ 130 ಡಿವಾಸ್ಟೇಟರ್‌ಗಳಲ್ಲಿ ಒಂದೂ ಯಾವ ವಸ್ತುಸಂಗ್ರಹಾಲಯದಲ್ಲೂ ಇಲ್ಲ. ಮಿಡ್‌ವೇಯ ನಂತರ ಅವನ್ನು ಮುಂಚೂಣಿಯಿಂದ ತೆಗೆದರು, ಉಳಿದವನ್ನು ಕೆಲವು ವರ್ಷಗಳಲ್ಲೇ ಗುಜರಿಗೆ ಹಾಕಿದರು. ಬದುಕಿ ಬಂದ ಸೈನಿಕರೂ ಈಗ ಇಲ್ಲ. ಹದಿನೇಳರ ಹುಡುಗನಾಗಿ ಹಾರಿದ್ದ ಹ್ಯಾರಿ ಫೆರಿಯರ್ 2016ರಲ್ಲಿ ನಿಧನರಾದರು. ಹೀಗಾಗಿ ಕಣ್ಣಿಗೆ ಕಾಣುವ ಕುರುಹುಗಳೆಲ್ಲ ಸಮುದ್ರದ ತಳದಲ್ಲಿವೆ. 2018ರ ಮಾರ್ಚ್‌ನಲ್ಲಿ ಪೆಟ್ರೆಲ್ ಎಂಬ ಶೋಧನೌಕೆ ಕೋರಲ್ ಸಮುದ್ರದಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಅಮೆರಿಕದ ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್‌ನ ಅವಶೇಷವನ್ನು ಪತ್ತೆ ಮಾಡಿದಾಗ ಅದರ ಬಳಿ ಏಳು ಡಿವಾಸ್ಟೇಟರ್‌ಗಳು ಸಿಕ್ಕವು. ಷೊಹೊ ನೌಕೆಯ ಮೇಲೆ ಟಾರ್ಪಿಡೊ ಬಿಟ್ಟ ಸ್ಕ್ವಾಡ್ರನ್ನಿನ ವಿಮಾನಗಳು ಅವು. ಬಣ್ಣ, ಗುರುತು, ಸಂಖ್ಯೆಗಳು ಇನ್ನೂ ಓದುವಂತಿದ್ದವು. 2019ರಲ್ಲಿ ಅದೇ ನೌಕೆ ಕಾಗಾ ಮತ್ತು ಅಕಾಗಿಗಳನ್ನು ಮಿಡ್‌ವೇ ಬಳಿ 5,000 ಮೀಟರ್‌ಗೂ ಹೆಚ್ಚು ಆಳದಲ್ಲಿ ಕಂಡುಹಿಡಿಯಿತು. ಸ್ಕ್ವಾಡ್ರನ್ 8ರ ಹದಿನೈದು ವಿಮಾನಗಳು ಮಾತ್ರ ಸಿಕ್ಕಿಲ್ಲ.

ಸಿಕ್ಕರೆ ಮೇಲೆತ್ತಬೇಕೇ ಎಂಬುದು ಚರ್ಚೆಯ ವಿಷಯ. ಮುಳುಗಿದ ಸೇನಾ ನೌಕೆಗಳನ್ನೂ ವಿಮಾನಗಳನ್ನೂ ರಕ್ಷಿಸುವ ಅಮೆರಿಕದ 2004ರ ಕಾನೂನಿನ ಪ್ರಕಾರ ಅವು ಎಷ್ಟು ವರ್ಷಗಳಾದರೂ ಸರ್ಕಾರದ ಸ್ವತ್ತು; ನೌಕಾಪಡೆಯ ಇತಿಹಾಸ ವಿಭಾಗದ ಅನುಮತಿಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ಒಳಗೆ ಮನುಷ್ಯರು ಸತ್ತಿರುವ ವಿಮಾನವನ್ನು ಸಮಾಧಿಯೆಂದೇ ಕಾಣಬೇಕು ಎಂಬ ನಿಲುವು ನನಗೆ ಸರಿಯೆನಿಸುತ್ತದೆ. ಆದರೆ ಮಾರ್ಷಲ್ ದ್ವೀಪಗಳ ಜಲುಯಿಟ್ ಲಗೂನಿನಲ್ಲಿ ಇರುವ ಎರಡು ಡಿವಾಸ್ಟೇಟರ್‌ಗಳ ಸಂಗತಿ ಬೇರೆ. 1942ರ ಫೆಬ್ರವರಿ 1ರಂದು ಯಾರ್ಕ್‌ಟೌನ್‌ನಿಂದ ದಾಳಿಗೆ ಹೊರಟು ನೀರಿಗಿಳಿದ ಆ ವಿಮಾನಗಳಲ್ಲಿದ್ದವರು ಜೀವಂತವಾಗಿ ಹೊರಬಂದು ಜಪಾನೀಯರಿಗೆ ಸೆರೆಸಿಕ್ಕರು, ಆದ್ದರಿಂದ ಅಲ್ಲಿ ಕಲಕಬಾರದ ಸಮಾಧಿಯೇನೂ ಇಲ್ಲ. ಅವುಗಳಲ್ಲಿ ಒಂದನ್ನು ಎತ್ತಿ, ಉಪ್ಪು ಕಳೆದು, ಜನರ ಮುಂದೆ ಇಡುವ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. ಅದು ಕೈಗೂಡಿದರೆ, ವಿಮಾನದ ಉದ್ದನೆಯ ಗಾಜಿನ ಚಾವಣಿಯ ಕೆಳಗೆ ಮೂರು ಸೀಟುಗಳು ಒಂದರ ಹಿಂದೊಂದು ಹೇಗಿದ್ದವು, ಹಿಂದಿನವನಿಗೆ ಎಷ್ಟು ಜಾಗವಿತ್ತು, ಅವನ ಕೈಗೆ ರೇಡಿಯೊ ಎಷ್ಟು ದೂರದಲ್ಲಿತ್ತು ಎಂಬುದನ್ನು ಈಗಿನ ತಲೆಮಾರಿನವರು ಮೊದಲ ಬಾರಿಗೆ ಕಣ್ಣಾರೆ ಕಾಣಬಹುದು.